ತೇಪೆ

ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ಹಗ್ಗ ಎತ್ತರಕ್ಕಿತ್ತು. ಬಕೆಟ್ಟನ್ನು ಪಕ್ಕಕ್ಕಿಟ್ಟುಕೊಂಡು ಅವಳು ಸ್ಟೂಲಿನ ಮೇಲೆ ನಿಂತಿದ್ದಳು. ಹೊದಿಕೆಯ ಒಂದು ಅಂಚಿಗೆ ಕ್ಲಿಪ್ಪು ಸಿಕ್ಕಿಸಿ ಇನ್ನೊಂದು ಅಂಚನ್ನು ಎಳೆಯುತ್ತಿದ್ದಾಗ ಬಾಗಿಲ ಬೆಲ್ ಹೊಡೆಯಿತು. ಬೆಚ್ಚಿ ತಿರುಗಿದ್ದಕ್ಕೆ ಸ್ಟೂಲು ಟಕ್ಕೆಂದು ಒಂದು ಕಡೆಗೆ ವಾಲಿತು. ಅದರ ಒಂದು ಕಾಲು ಗಿಡ್ಡ. ಕೆಳಗೆ ಮಡಿಸಿ ಇಟ್ಟಿದ್ದ ರಟ್ಟಿನ ಚೂರು ಜಾರಿಹೋಗಿತ್ತು. ಅವಳು ಹಗ್ಗ ಹಿಡಿದು ಸಾವರಿಸಿಕೊಂಡಳು. ಹೊದಿಕೆ ಅರ್ಧ ನೆಲಕ್ಕೆ ಬಿತ್ತು.

ಒಳಗಿನ ಕೋಣೆಯಲ್ಲಿ ಮಗಳು ಎದ್ದಾಗಿನಿಂದ ಒಂದೇ ಸಾಲನ್ನು ಮತ್ತೆ ಮತ್ತೆ ನುಡಿಸುತ್ತಿದ್ದ ಯುಕುಲೆಲೆ ಥಟ್ಟನೆ ನಿಂತಿತು.

ಬಾಗಿಲಲ್ಲಿ ಅತ್ತಿಗೆ, ಗಂಡನ ಅಕ್ಕ, ನಿಂತಿದ್ದರು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದರು. ನರ್ಸಿನ ಬಿಳಿ ಉಡುಪಿನ ಮೇಲೊಂದು ಸ್ವೆಟರು, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಮಧ್ಯಾಹ್ನ ಬರುತ್ತೇನೆಂದವರು ಬೆಳಗ್ಗೆಯೇ ಬಂದಿದ್ದರು.

"ಮನೆಗೆ ಹೋಗಿ ಮಲಗಿದ್ರೆ ಸಂಜೆವರೆಗೂ ಏಳ್ತಿರ್ಲಿಲ್ಲ. ಅದಕ್ಕೇ ಸೀದಾ ಬಂದೆ. ವಾದ್ಯ ರಿಪೇರಿ ಮೇಷ್ಟ್ರು ಅಂಗಡಿ ಬೇಗ ತೆಗೀತೀನಿ ಅಂದಿದ್ದಾರೆ. ಯಾಕೆ ಹಾಗೆ ನೋಡ್ತಿದೀಯ, ಪೊಲೀಸ್‌ನೋರು ಬಂದ ಹಾಗೆ?"

"ಏನಿಲ್ಲ ಅತ್ತಿಗೆ, ಬಟ್ಟೆ ಹಾಕ್ತಿದ್ದೆ. ಬನ್ನಿ. ಟೀ ಮಾಡ್ತೀನಿ."

ಅತ್ತಿಗೆ ಬ್ಯಾಗನ್ನು ಕುರ್ಚಿಗೆ ಹಾಕಿ ಬಾಲ್ಕನಿಗೆ ಹೋದರು. ಬಿದ್ದ ಹೊದಿಕೆಯನ್ನು ಕೊಡವಿ ತಾವೇ ಹಗ್ಗಕ್ಕೆ ಹಾಕಿದರು. ಅವರು ಎತ್ತರದವರು, ಸ್ಟೂಲು ಬೇಕಾಗಿರಲಿಲ್ಲ. ಅದನ್ನು ಕಾಲಿನಿಂದ ಸ್ವಲ್ಪ ಅಲ್ಲಾಡಿಸಿ ನೋಡಿದರು.

"ಈ ಕುಂಟನ್ನ ಇನ್ನೂ ಬಿಸಾಕಿಲ್ವಾ? ಒಂದಿನ ಬಿದ್ದು ಸೊಂಟ ಮುರ್ಕೊಂಡು ನನ್ನ ವಾರ್ಡಿಗೇ ಬರ್ತೀಯ ನೋಡು."

"ಬಿಸಾಕಿದ್ರೆ ಅಡುಗೆಮನೇಲಿರೋ ಅವನ ಅಣ್ಣ ಒಂಟಿಯಾಗ್ತಾನೆ."

ಅತ್ತಿಗೆ ನಕ್ಕರು. ಈ ಮನೆಯಲ್ಲಿ ಆ ಎರಡು ಸ್ಟೂಲುಗಳ ಕಥೆ ಹಳೆಯ ನಗು. ಮಾವ ಬಂದರಿನ ದೋಣಿ ಕಟ್ಟುವ ಕಾರ್ಖಾನೆಯಲ್ಲಿ ಬಡಗಿಯಾಗಿದ್ದವರು. ನೋಡಿದ್ದನ್ನು ಇದ್ದಂತೆಯೇ ಮಾಡುವುದರಲ್ಲಿ ಅವರಿಗೆ ಸಮಾನರು ಯಾರೂ ಇರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಅವಳು ಅಡುಗೆಮನೆಯ ಹಳೆಯ ಸ್ಟೂಲು ತೋರಿಸಿ, ಇಂಥದ್ದೇ ಇನ್ನೊಂದು ಮಾಡಿಕೊಡಿ ಮಾವ ಎಂದಿದ್ದಳು. ಮಾವ ಅಳತೆ ತೆಗೆದು, ಮರ ಹುಡುಕಿ, ವಾರಗಟ್ಟಲೆ ಕೂತು ಮಾಡಿಕೊಟ್ಟರು. ಹಳೆಯದರ ಸವೆದ ಗಿಡ್ಡ ಕಾಲನ್ನೂ ಬಿಟ್ಟಿರಲಿಲ್ಲ. ಹೊಸ ಸ್ಟೂಲೂ ಅದೇ ಕಡೆಗೆ, ಅಷ್ಟೇ ವಾಲುತ್ತಿತ್ತು. ಕೇಳಿದ್ದಕ್ಕೆ, "ಇಂಥದ್ದೇ ಅಂದ್ಯಲ್ಲಮ್ಮ" ಎಂದಿದ್ದರು.

ನಗು ಮುಗಿಯಿತು. ಇಬ್ಬರ ಕಣ್ಣೂ ಒಳಗಿನ ಕೋಣೆಯ ಬಾಗಿಲಿನ ಕಡೆಗೆ ಹೋಯಿತು.

ಮಾವ ತೀರಿಕೊಳ್ಳುವ ಮುಂಚೆ ಆಸ್ಪತ್ರೆಯ ಮಂಚದಲ್ಲಿ ಮಗಳನ್ನೂ ಸೊಸೆಯನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದ್ದರು: ಯುಕುಲೆಲೆ ಎರಡಿವೆ. ಹಡಗಿನವನೊಬ್ಬ ಕೊಟ್ಟ ಹಳೆಯದು ದೊಡ್ಡವಳಿಗೆ. ಅದನ್ನು ನೋಡಿ ನಾನು ಮಾಡಿದ್ದು ಮೊಮ್ಮಗಳಿಗೆ. ಇಬ್ಬರೂ ತಲೆಯಾಡಿಸಿದ್ದರು. ಆಮೇಲೆ ಮಾವನ ಪೆಟ್ಟಿಗೆ ತೆರೆದರೆ ಅದರಲ್ಲಿದ್ದದ್ದು ಒಂದೇ. ಗಿಟಾರಿನ ಮರಿಯಂಥ ನಾಲ್ಕು ತಂತಿಯ ವಾದ್ಯ, ಕಂದು ಬಣ್ಣ, ಅಂಚಿಗೆ ಹಗ್ಗ ಹೊಸೆದಂತೆ ಕಪ್ಪು ಬಿಳಿ ಚೂರುಗಳ ಸಾಲು. ತಲೆಯ ಮೇಲೆ ಹೆಸರಿಲ್ಲ, ತೂತಿನೊಳಗೆ ಲೇಬಲ್ ಇಲ್ಲ. ಇನ್ನೊಂದು ಮನೆಯಲ್ಲೆಲ್ಲೂ ಸಿಗಲಿಲ್ಲ.

ಹಳೆಯದು ಇದೇ ಆಗಿದ್ದರೆ ಅತ್ತಿಗೆಗೆ ಹೋಗಬೇಕು. ಮಾವ ಮಾಡಿದ್ದಾಗಿದ್ದರೆ ಅವಳ ಮಗಳು ಕಡ್ಡಿಗೆ. ಮನೆಯಲ್ಲಿ ಯಾವುದೆಂದು ಹೇಳಬಲ್ಲವರೇ ಇರಲಿಲ್ಲ, ಅದಕ್ಕೇ ಮೇಷ್ಟ್ರಿಗೆ ತೋರಿಸುವುದೆಂದಾಗಿತ್ತು. ಅದು ಇಷ್ಟು ದಿನ ಇಲ್ಲೇ ಉಳಿದಿತ್ತು, ಕಡ್ಡಿ ಅದನ್ನು ನುಡಿಸಲು ಕಲಿತಿದ್ದಳು. ಈಗ ಅದಿಲ್ಲದೆ ಅವಳಿಗೆ ಬೆಳಗಾಗುತ್ತಿರಲಿಲ್ಲ.

ಟೀಗೆ ನೀರಿಟ್ಟು ಅವಳು ಗಂಡನಿಗೆ ಫೋನು ಮಾಡಿದಳು. ಅವನು ರೈಲಿನ ಡ್ರೈವರ್. ಯಾವುದೋ ದೂರದ ನಿಲ್ದಾಣದ ವಿಶ್ರಾಂತಿ ಕೋಣೆಯಿಂದ ತೂಕಡಿಸುತ್ತ ಮಾತಾಡಿದ.

"ನಿಮ್ಮ ಅಕ್ಕ ಬಂದಿದ್ದಾರೆ. ಮೇಷ್ಟ್ರ ಹತ್ರ ಈಗಲೇ ಹೋಗೋಣ ಅಂತಿದ್ದಾರೆ."

"ಹೋಗಿ ಬಾ. ಅವಳು ಏನು ಹೇಳ್ತಾಳೋ ಹಾಗೇ ಮಾಡು. ಒಂದು ಯುಕುಲೆಲೆಗೋಸ್ಕರ ಅಕ್ಕನ ಹತ್ರ ಮನಸ್ತಾಪ ಬೇಡ. ಮಗೂಗೆ ಹೊಸದು ತಂದ್ರಾಯ್ತು."

"ಅದನ್ನ ನೀವೇ ಅವಳಿಗೆ ಹೇಳಿ."

"ಇಲ್ಲಿ ಸರಿಯಾಗಿ ಕೇಳಿಸ್ತಿಲ್ಲ," ಎಂದ ಗಂಡ. ಫೋನು ಕಟ್ಟಾಯಿತು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತಿಗೆ, "ಊರಿಗೆಲ್ಲ ರೈಲು ಓಡಿಸ್ತಾನೆ, ಮನೆ ವಿಷಯ ಬಂದ್ರೆ ಅವನ ಗಾಡಿ ಸ್ಟೇಷನ್ ಬಿಟ್ಟು ಅಲ್ಲಾಡಲ್ಲ. ಚಿಕ್ಕೋನಿದ್ದಾಗಲೂ ಹಾಗೇ ಅಂತೆ. ಬೈಸ್ಕೊಳ್ಳೋ ಹೊತ್ತಿಗೆ ಸರಿಯಾಗಿ ನಿದ್ದೆ ಬರ್ತಿತ್ತಂತೆ," ಎಂದರು.

ಒಳಗೆ ಕಡ್ಡಿ ಮಂಚದ ಮೇಲೆ ಕಾಲು ಮಡಿಸಿ ಕೂತಿದ್ದಳು. ಸಣಕಲಿ, ಮೂರನೇ ಕ್ಲಾಸಿನ ಹುಡುಗಿ. ಆ ಹೆಸರಿಟ್ಟವರೂ ಅವಳ ತಾತನೇ. ಯುಕುಲೆಲೆಯನ್ನು ಹೊಟ್ಟೆಗೆ ಒತ್ತಿಕೊಂಡಿದ್ದಳು. ನುಡಿಸುತ್ತಿರಲಿಲ್ಲ.

"ಚೀಲಕ್ಕೆ ಹಾಕು ಕಂದ. ಹೋಗೋಣ."

"ಅಮ್ಮ, ಅತ್ತೆ ಇದನ್ನ..."

"ಶ್." ಅವಳು ಮಂಚದ ಅಂಚಿಗೆ ಕೂತು ಮಗಳ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದಳು. "ಅಲ್ಲಿ ಏನೂ ಕೇಳಬಾರ್ದು. ದೊಡ್ಡೋರು ನೋಡಿ ಹೇಳ್ತಾರೆ. ಏನೇ ಹೇಳಿದ್ರೂ ಅಳಬಾರ್ದು, ಹಟ ಮಾಡಬಾರ್ದು. ಅತ್ತೆ ರಾತ್ರಿಯೆಲ್ಲ ಕೆಲಸ ಮಾಡಿ ಬಂದಿದ್ದಾರೆ. ಆಯ್ತಾ?"

ಕಡ್ಡಿ ತುಟಿ ಬಿಗಿದಳು. ಬಾಯಿ ಮುಚ್ಚಿದರೂ ಕೇಳಬೇಕೆಂದಿದ್ದ ಮಾತು ಮುಖದ ಮೇಲೆ ಹಾಗೇ ಇತ್ತು. ಹೊಸ ಹಲ್ಲು ಬರುವಾಗ ನಾಲಿಗೆ ಪದೇ ಪದೇ ಅಲ್ಲಿಗೇ ಹೋಗುವ ಹಾಗೆ, ಅವಳ ಹೆಬ್ಬೆರಳು ವಾದ್ಯದ ಹೊಟ್ಟೆಯ ಮೇಲೆ ಅತ್ತಿತ್ತ ಓಡುತ್ತಿತ್ತು.

ಅಂಗಡಿಗೆ ನಡೆದೇ ಹೋಗುವಷ್ಟು ದೂರ. ಕಡ್ಡಿ ಚೀಲವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಮುಂದೆ ನಡೆದಳು. ಅಂಗಡಿಗಳು ಒಂದೊಂದಾಗಿ ತೆರೆಯುತ್ತಿದ್ದವು. ಯಾರೋ ಮೆಟ್ಟಿಲಿಗೆ ನೀರೆರಚುತ್ತಿದ್ದರು. ಅತ್ತಿಗೆ ಅವಳ ಪಕ್ಕಕ್ಕೆ ಬಂದರು. ಮೆಲ್ಲಗೆ ಹೇಳಿದರು:

"ನೀನು ನನ್ನ ಬಗ್ಗೆ ಏನಂದ್ಕೊಂಡಿದ್ದೀಯ ಗೊತ್ತು. ಚಿಕ್ಕ ಹುಡುಗಿ ಕೈಯಿಂದ ಕಿತ್ಕೊಳ್ಳೋಕೆ ಬಂದಿದ್ದಾಳೆ ಅಂತ."

"ಹಾಗಂದ್ಕೊಂಡಿಲ್ಲ ಅತ್ತಿಗೆ."

"ಅಂದ್ಕೋ. ನಾನಾಗಿದ್ರೂ ಅಂದ್ಕೋತಿದ್ದೆ." ಅತ್ತಿಗೆ ಸ್ವೆಟರಿನ ತೋಳನ್ನು ಕೆಳಗೆಳೆದುಕೊಂಡರು. "ಅಮ್ಮ ಹಾಸಿಗೆ ಹಿಡಿದು ಮಲಗಿದ್ದಾಗ ಅಪ್ಪ ದಿನಾ ಸಂಜೆ ಅವಳ ಪಕ್ಕ ಕೂತು ಅದನ್ನ ಬಾರಿಸೋನು. ನಾನು ಕಿಟಕಿ ಹತ್ರ ಕೂತು ಕೇಳ್ತಿದ್ದೆ. ನಂಗೂ ಕಲಿಸು ಅಂದ್ರೆ, ನಿನ್ನ ಕೈ ಇನ್ನೂ ಎಟುಕಲ್ಲ ಅನ್ನೋನು. ಅಮ್ಮ ಹೋದ್ಲು. ತಿಂಗಳು ತುಂಬೋ ಮುಂಚೆ ನನ್ನನ್ನ ದೊಡ್ಡಮ್ಮನ ಮನೆಗೆ ಕಳಿಸಿಬಿಟ್ಟ. ನಿನ್ನ ಗಂಡನ್ನ ಇಟ್ಕೊಂಡ, ನನ್ನನ್ನ ಕಳಿಸ್ದ."

"ಅವರು ಆಗ ಕೈಗೂಸು ಅಲ್ವಾ ಅತ್ತಿಗೆ."

"ನಾನೇನು ದೊಡ್ಡೋಳಾಗಿದ್ನಾ? ಎರಡನೇ ಕ್ಲಾಸು. ಹೊಸ ಯೂನಿಫಾರ್ಮ್ ಹೊಲಿಸಿ ವಾರ ಆಗಿರ್ಲಿಲ್ಲ, ನೀಲಿ ಚೌಕುಳಿದು. ಅದನ್ನ ಗೂಟಕ್ಕೆ ನೇತುಹಾಕಿ ಬಿಟ್ಟು ಹೋದೆ, ಅಲ್ಲಿನ ಶಾಲೇಲಿ ಬೇರೆ ಬಣ್ಣ. ಆಮೇಲೆ ರಜೆಗೆ ಬಾ ಬಾ ಅಂತ ಎಷ್ಟು ಸಲ ಕರೆಸ್ದ. ನಾನು ಹೋಗ್ಲಿಲ್ಲ. ನನಗೂ ಹಟ ಇತ್ತು. ಮತ್ತೆ ಈ ಮನೆಗೆ ಕಾಲಿಟ್ಟಿದ್ದು ನರ್ಸಿಂಗ್ ಸೇರೋ ವಯಸ್ಸಿಗೆ. ಅಷ್ಟೊತ್ತಿಗೆ ಅವನು ಬಾರಿಸೋದೇ ಬಿಟ್ಟಿದ್ದ."

ಮುಂದೆ ನಡೆಯುತ್ತಿದ್ದ ಕಡ್ಡಿಯ ಹೆಜ್ಜೆ ನಿಧಾನವಾಗಿತ್ತು. ಕೇಳಿಸಿಕೊಳ್ಳುತ್ತಿದ್ದಳು.

"ನನಗೆ ಅಂತ ಅಪ್ಪ ಏನೂ ಇಡ್ಲಿಲ್ಲ," ಅತ್ತಿಗೆ ಹೇಳಿದರು. "ಬೇಕಾಗೂ ಇಲ್ಲ. ನನ್ನ ದುಡಿಮೆ ನನಗಿದೆ. ಇದೊಂದನ್ನ ಬಾಯಿಬಿಟ್ಟು ದೊಡ್ಡವಳಿಗೆ ಅಂದ. ಅದಕ್ಕೇ ಕೇಳ್ತಿದೀನಿ."

ಅವಳಿಗೆ ಅತ್ತಿಗೆ ಜಗಳಕ್ಕೆ ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು ಎನಿಸಿತು.

ವಾದ್ಯ ರಿಪೇರಿಯ ಅಂಗಡಿ ಕಿರಿದಾಗಿ ಉದ್ದಕ್ಕಿತ್ತು. ಗೋಡೆಯ ಮೇಲೆ ಗಿಟಾರುಗಳು, ಪಿಟೀಲುಗಳು ನೇತಾಡುತ್ತಿದ್ದವು. ಅಂಟು, ಮರದ ಹೊಟ್ಟು, ಪಾಲಿಶ್ ಮೂರೂ ಬೆರೆತ ವಾಸನೆ. ಅಂಗಡಿಯವರು ಬಹಳ ಕಾಲ ಶಾಲೆಯಲ್ಲಿ ಸಂಗೀತ ಕಲಿಸಿದವರಾದ್ದರಿಂದ ಬೀದಿಗೆಲ್ಲ ಮೇಷ್ಟ್ರು. ದಪ್ಪ ಕನ್ನಡಕ, ಅದಕ್ಕಿಂತ ದಪ್ಪ ದನಿ. ಬಂದವರಿಗೆ ಪಾಠ ಹೇಳುವ ಅಭ್ಯಾಸ ಬಿಟ್ಟಿರಲಿಲ್ಲ.

"ಲೇಬಲ್ ಇಲ್ಲ ಅಂತ ಜನ ಹೆದರ್ತಾರೆ," ಅವರು ಯುಕುಲೆಲೆಯನ್ನು ಮೇಜಿನ ಮೇಲಿನ ಮೆತ್ತಗಿನ ಬಟ್ಟೆಯ ಮೇಲೆ ಮಲಗಿಸುತ್ತ ಅಂದರು. "ಲೇಬಲ್ ಅನ್ನೋದು ಕಾಗದ. ಇವತ್ತು ಅಂಟಿಸಿದ್ರೆ ನಾಳೆ ಕಿತ್ತು ಬರುತ್ತೆ. ವಾದ್ಯ ಸುಳ್ಳು ಹೇಳಲ್ಲ. ಕೂತ್ಕೊಳ್ಳಿ. ಸಿಸ್ಟರ್, ನೀವೂ ಕೂತ್ಕೊಳ್ಳಿ, ನಿಂತು ನನ್ನ ನಾಡಿ ಹಿಡಿಯೋ ಹಾಗೆ ಕಾಣ್ತೀರಿ."

ಅತ್ತಿಗೆ ಕೂರಲಿಲ್ಲ. ಅವಳು ಮಗಳನ್ನು ಮಡಿಲಿಗೆ ಎಳೆದುಕೊಂಡು ಬೆಂಚಿನ ತುದಿಯಲ್ಲಿ ಕೂತಳು. ಮಗಳ ಎದೆ ಹಕ್ಕಿಯ ಎದೆಯಂತೆ ಹೊಡೆದುಕೊಳ್ಳುತ್ತಿರುವುದು ಅವಳ ಅಂಗೈಗೆ ತಿಳಿಯುತ್ತಿತ್ತು.

ಮೇಷ್ಟ್ರು ಮೊದಲು ಬೆನ್ನು ನೋಡಿದರು. ಬೆರಳಿನ ಗಿಣ್ಣಿನಿಂದ ಅಲ್ಲಲ್ಲಿ ತಟ್ಟಿ ಕಿವಿಗೊಟ್ಟರು. ಕತ್ತನ್ನು ಕಣ್ಣಿಗೆ ನೇರ ಹಿಡಿದು, ಬಂದೂಕಿನ ಗುರಿ ನೋಡುವಂತೆ ಒಂದು ಕಣ್ಣು ಮುಚ್ಚಿದರು.

"ತಂತಿ ಬಿಗಿಯೋ ಬಿರಡೆ ನೋಡಿ, ಬರೀ ಮರ. ತಿರುಪು ಇಲ್ಲ, ಹಲ್ಲುಗಾಲಿ ಇಲ್ಲ. ಈಗ ಹೀಗೆ ಯಾರೂ ಮಾಡಲ್ಲ. ಬೆರಳೊತ್ತೋ ಈ ಸ್ವರದ ಮೆಟ್ಟಿಲುಗಳಿಗೆ ಬೇರೆ ಪಟ್ಟಿ ಅಂಟಿಸಿಲ್ಲ, ಕತ್ತಿನ ಮರಕ್ಕೇ ಸೀದಾ ಕೂರಿಸಿದ್ದಾರೆ. ಹಳೇ ಕಾಲದ ಕೈ." ಅವರು ಮಾತು ನಿಲ್ಲಿಸಿ ಅಂಚಿನ ಹಗ್ಗದಂಥ ಸಾಲನ್ನು ಉಗುರಿನಿಂದ ಸವರಿದರು. "ಮರ ಯಾವುದು ಅಂತ ಮಾತ್ರ ಹೇಳೋಕಾಗಲ್ಲ. ಮೇಲೆ ಬಣ್ಣ ಕುಡಿಸಿದ್ದಾರೆ."

ಒಂದೊಂದು ಮಾತಿಗೂ ಅತ್ತಿಗೆ ಮೇಜಿಗೆ ಸ್ವಲ್ಪ ಸ್ವಲ್ಪ ಹತ್ತಿರವಾಗುತ್ತಿದ್ದರು. ಕಡ್ಡಿ ಸ್ವಲ್ಪ ಸ್ವಲ್ಪ ಅಮ್ಮನ ಎದೆಗೆ ಒತ್ತಿಕೊಳ್ಳುತ್ತಿದ್ದಳು.

ಮೇಷ್ಟ್ರು ತಂತಿಗಳನ್ನು ಸಡಿಲಿಸಿದರು. ಹಲ್ಲಿನ ಡಾಕ್ಟರ ಬಳಿ ಇರುವಂಥ ಉದ್ದ ಹಿಡಿಕೆಯ ಪುಟ್ಟ ಕನ್ನಡಿಯನ್ನೂ ಕಡ್ಡಿಯಂಥ ದೀಪವನ್ನೂ ತೂತಿನೊಳಗೆ ಇಳಿಸಿದರು. ಹೊರಗೆ ಯಾವುದೋ ಸ್ಕೂಟರು ಕೆಮ್ಮಿ ಕೆಮ್ಮಿ ಹೊರಟಿತು.

"ಬೆನ್ನಿನ ಎರಡು ಹಲಗೆ ಕೂಡೋ ಕಡೆ ಒಳಗಿಂದ ಬಟ್ಟೆ ಪಟ್ಟಿ ಅಂಟಿಸಿದ್ದಾರೆ. ಅದೂ ಹಳೇ ಪದ್ಧತಿ. ಹಾ, ಇಲ್ಲಿ ನೋಡಿ. ಸಿಕ್ತು." ಅವರು ತಲೆಯೆತ್ತಲಿಲ್ಲ, ದನಿ ಮಾತ್ರ ಹಿಗ್ಗಿತು. "ಮುಂದಿನ ಹಲಗೆಗೆ ಒಳಗಿಂದ ಒಂದು ತೇಪೆ. ಚೌಕದ ಮರದ ಚೂರು. ಯಾವತ್ತೋ ಹಲಗೆ ಸೀಳು ಬಿಟ್ಟಿದೆ, ಯಾರೋ ಅದನ್ನ ರಿಪೇರಿ ಮಾಡಿದ್ದಾರೆ. ಮನೇಲಿ ಮಾಡಿ ಪೆಟ್ಟಿಗೇಲಿಟ್ಟ ವಾದ್ಯಕ್ಕೆ ಇಂಥ ತೇಪೆ ಎಲ್ಲಿಂದ ಬರುತ್ತೆ? ಇದು ಊರೂರು ಸುತ್ತಿ, ಬಿದ್ದು ಎದ್ದು, ಹಡಗು ಹತ್ತಿ ಬಂದಿದ್ದು."

ಅವರು ಕನ್ನಡಿಯನ್ನು ಹೊರಗೆಳೆದು ಅತ್ತಿಗೆಯ ಕಡೆ ನೋಡಿದರು. "ಸಿಸ್ಟರ್, ಇದು ನಿಮ್ಮ ತಂದೆಯವರ ಹಳೇದೇ."

ಅತ್ತಿಗೆ ಉಸಿರು ಬಿಟ್ಟರು. ಖುಷಿಪಟ್ಟಂತೆ ಕಾಣಲಿಲ್ಲ. ಬಹಳ ಕಾಲ ಹೊತ್ತು ನಿಂತ ಭಾರವನ್ನು ಕೆಳಗಿಳಿಸಿದವರಂತೆ ಭುಜ ಇಳಿಬಿಟ್ಟರು. ಅವರ ಕೈ ಮೇಜಿನ ಮೇಲಿದ್ದ ಖಾಲಿ ಚೀಲದ ಕಡೆಗೆ ಹೋಗಿ, ಅದರ ಜಿಪ್ಪಿನ ಮೇಲೆ ನಿಂತಿತು.

ಕಡ್ಡಿ ಅಳಲಿಲ್ಲ. ಅಮ್ಮ ಹೇಳಿದಂತೆ ಏನೂ ಕೇಳಲೂ ಇಲ್ಲ. ಕೆಳತುಟಿಯನ್ನು ಹಲ್ಲಿನಿಂದ ಹಿಡಿದುಕೊಂಡು ಅಲುಗಾಡದೆ ಕೂತಿದ್ದಳು. ಅವಳ ಹೆಬ್ಬೆರಳು ಮಾತ್ರ ಅಮ್ಮನ ಮೊಣಕಾಲಿನ ಮೇಲೆ ಅತ್ತಿತ್ತ ಓಡುತ್ತಿತ್ತು, ಮನೆಯಲ್ಲಿ ವಾದ್ಯದ ಹೊಟ್ಟೆಯ ಮೇಲೆ ಓಡುತ್ತಿದ್ದ ಹಾಗೆಯೇ.

ಮಗಳ ಆ ಬೆರಳನ್ನು ನೋಡುತ್ತಿದ್ದಾಗ ಅವಳಿಗೆ ವಾದ್ಯದ ಮುಂದಿನ ಹಲಗೆ ನೆನಪಾಯಿತು. ಭಾನುವಾರ ಮನೆಯ ಧೂಳು ಹೊಡೆಯುವಾಗ ಅದಕ್ಕೆ ಎಣ್ಣೆ ಸವರಿ ಒರೆಸುವವಳು ಅವಳೇ. ಹಳೆಯ ಬನಿಯನ್ನಿನ ತುಂಡಿನಲ್ಲಿ ಸುತ್ತ ಸುತ್ತ ಒರೆಸಿದಾಗ ಬಟ್ಟೆ ಎಲ್ಲೂ ತಡೆಯುತ್ತಿರಲಿಲ್ಲ. ಕನ್ನಡಿಯ ಮೇಲೆ ಜಾರಿದಂತೆ ಜಾರುತ್ತಿತ್ತು.

ಹೇಳಬೇಕು. ಹೇಳಿದರೆ ಅತ್ತಿಗೆ ಏನೆಂದುಕೊಳ್ಳುತ್ತಾರೆ? ಕೈಗೆ ಬಂದದ್ದನ್ನು ತಪ್ಪಿಸಿದಳು ಎನ್ನುತ್ತಾರೆ. ದಾರಿಯಲ್ಲಿ ಮನಸ್ಸು ಬಿಚ್ಚಿ ಮಾತಾಡಿದವರಿಗೆ ಅಂಗಡಿಯಲ್ಲಿ ಹೀಗೆ ಮಾಡಿದಳು ಎನ್ನುತ್ತಾರೆ. ಮನಸ್ತಾಪ ಬೇಡ ಎಂದ ಗಂಡನ ನಿದ್ದೆಗಣ್ಣಿನ ದನಿ ಕಿವಿಯಲ್ಲಿತ್ತು. ಹೇಳದಿದ್ದರೆ, ಈ ಬೆರಳು.

"ಮೇಷ್ಟ್ರೇ," ಎಂದಳು. "ಆ ಸೀಳು ಎಲ್ಲಿದೆ ಅಂತ ಸ್ವಲ್ಪ ತೋರಿಸ್ತೀರಾ?"

ಚೀಲದ ಜಿಪ್ಪು ಎಳೆಯುತ್ತಿದ್ದ ಅತ್ತಿಗೆಯ ಕೈ ನಿಂತಿತು.

"ತೇಪೆ ಇದೆಯಲ್ಲಮ್ಮ," ಎಂದರು ಮೇಷ್ಟ್ರು. "ತೇಪೆ ಇದ್ದಲ್ಲಿ ಸೀಳು ಇರುತ್ತೆ."

"ಹೊರಗಿಂದ ಕಾಣಬೇಕಲ್ವಾ? ನಾನು ವಾರ ವಾರ ಒರೆಸ್ತೀನಿ. ಕೈಗೆ ಏನೂ ಸಿಕ್ಕಿಲ್ಲ."

"ನಿನಗೆ ಮರದ ವಿಷಯ ಯಾವಾಗಿಂದ ಗೊತ್ತಾಯ್ತು?" ಅತ್ತಿಗೆ ಅವಳ ಕಡೆ ತಿರುಗಿದರು. ದನಿ ಏರಿರಲಿಲ್ಲ, ವಾರ್ಡಿನಲ್ಲಿ ಗಲಾಟೆ ಮಾಡುವವರಿಗೆ ಹೇಳುವಂತೆ ತಣ್ಣಗಿತ್ತು. "ಮೇಷ್ಟ್ರು ಹೇಳಿದ್ದು ಸರಿ ಬರ್ಲಿಲ್ವಾ?"

"ಮರದ ವಿಷಯ ಗೊತ್ತಿಲ್ಲ ಅತ್ತಿಗೆ. ತೇಪೆ ಹಾಕೋದು ಗೊತ್ತು. ಹರಿದ ಕಡೆ ಹಾಕ್ತೀವಿ. ಹರೀದೆ ಇರೋ ಕಡೆ ಯಾಕೆ ಹಾಕ್ತೀವಿ?"

ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಮುಖದಲ್ಲಿ ಸ್ವಲ್ಪ ಸಿಡುಕು ಇತ್ತು. ಎದ್ದು ಹೋಗಿ ಶಟರನ್ನು ಅರ್ಧ ಕೆಳಗೆಳೆದರು. ಅಂಗಡಿ ಮಬ್ಬಾಯಿತು. ದೀಪವನ್ನು ಹಲಗೆಯ ಪಕ್ಕಕ್ಕೆ ಅಡ್ಡಲಾಗಿ ಹಿಡಿದು, ಭೂತಗನ್ನಡಿ ಇಟ್ಟು, ತೇಪೆ ಇದ್ದ ಜಾಗದ ಮೇಲೆ ಬಗ್ಗಿದರು. ಅಡ್ಡ ಬೆಳಕಿನಲ್ಲಿ ಸಣ್ಣ ಸಣ್ಣ ಗೀರುಗಳೆಲ್ಲ ಎದ್ದು ಕಂಡವು. ಕಡ್ಡಿಯ ಉಗುರಿನ ಗೀರುಗಳು. ಮರದ ಎಳೆಗಳು ಮೇಲಿನಿಂದ ಕೆಳಗಿನವರೆಗೆ ಎಲ್ಲೂ ತುಂಡಾಗದೆ, ಬಾಚಿದ ಕೂದಲಿನಂತೆ ಓಡಿದ್ದವು.

ಮೇಷ್ಟ್ರು ದೀಪವನ್ನು ಮತ್ತೆ ಒಳಗಿಳಿಸಿ ನೋಡಿದರು. ಹೊರಗೆ ತೆಗೆದರು. ಉಗುರು ಎಳೆದು ನೋಡಿದರು. ಇನ್ನೊಮ್ಮೆ ಒಳಗಿಳಿಸಿದರು.

"ಸೀಳಿಲ್ಲ," ಎಂದರು ಕೊನೆಗೆ. ಪಾಠದ ದನಿ ಹೋಗಿತ್ತು. "ಈ ಹಲಗೆ ಯಾವತ್ತೂ ಸೀಳೇ ಇಲ್ಲ. ಒಳ್ಳೇ ಹಲಗೆಗೆ ಯಾರೋ ಬೇಕು ಅಂತಲೇ ತೇಪೆ ಹಾಕಿದ್ದಾರೆ. ಅಚ್ಚುಕಟ್ಟಾಗಿ, ಅಂಚು ಉಜ್ಜಿ. ನನಗೆ ಇದು ಅರ್ಥ ಆಗ್ತಿಲ್ಲ."

ಅತ್ತಿಗೆಗೆ ಅರ್ಥವಾಗಿತ್ತು. ಅವರ ಗಂಟಲಿನಿಂದ ಕೆಮ್ಮಿನಂಥ ಸದ್ದೊಂದು ಬಂತು. ಆಮೇಲೆ ನೋಡಿದರೆ ಅವರು ನಗುತ್ತಿದ್ದರು.

"ಕುಂಟು ಸ್ಟೂಲು," ಎಂದರು. "ಅಪ್ಪ. ಹಳೇದರಲ್ಲಿ ತೇಪೆ ಇತ್ತು, ಇದಕ್ಕೂ ಹಾಕಿದ್ದಾನೆ. ಇಂಥದ್ದೇ ಅಂದ್ರೆ ಇಂಥದ್ದೇ." ನಗು ನಿಲ್ಲಲಿಲ್ಲ. ಸ್ವೆಟರಿನ ತೋಳಿನಿಂದ ಕಣ್ಣು ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. "ಅದು ರಿಪೇರಿ ಅಂತಾನೂ ಹೊಳೆದಿಲ್ಲ ನೋಡು ಅವನಿಗೆ. ವಾದ್ಯ ಅಂದ್ರೆ ಹೀಗೇ ಇರುತ್ತೆ ಅಂದ್ಕೊಂಡಿದ್ದಾನೆ."

ಅವಳೂ ನಗಬೇಕೆಂದುಕೊಂಡಳು, ಆಗಲಿಲ್ಲ. ಮಡಿಲಲ್ಲಿ ಮಗಳ ಮೈ ಸಡಿಲಾಗಿತ್ತು. ಗೆದ್ದೆವು ಎಂಬ ಮಾತು ಮನಸ್ಸಿಗೆ ಬಂತು. ಅದರ ಹಿಂದೆಯೇ ಅತ್ತಿಗೆಯ ಕೈ ಚೀಲದಿಂದ ಹಿಂದೆ ಸರಿದದ್ದು ಕಾಣಿಸಿತು. ಆ ಕೈಯನ್ನು ಎಲ್ಲಿಡಬೇಕೆಂದು ಅತ್ತಿಗೆಗೆ ತಿಳಿಯುತ್ತಿರಲಿಲ್ಲ.

"ಹಾಗಾದ್ರೆ ಹಳೇದು ಎಲ್ಲೋ ಹೋಗಿದೆ," ಅತ್ತಿಗೆ ಹೇಳಿದರು. ನಗು ಈಗ ನಿಂತಿತ್ತು. "ಮಾರಿದ್ನೋ, ಯಾರಿಗಾದ್ರೂ ಕೊಟ್ನೋ. ಕೊನೇಲಿ ಅದೂ ಮರೆತುಹೋಗಿತ್ತೇನೋ ಪಾಪ. ಇಲ್ಲದೇ ಇರೋದನ್ನ ನನಗೆ ಅಂತ ಹೇಳ್ದ." ಬ್ಯಾಗು ಎತ್ತಿ ಹೆಗಲಿಗೆ ಹಾಕಿಕೊಂಡರು. "ಆಯ್ತು ಬಿಡಿ. ಕಡ್ಡಿ, ನಿನ್ನ ಯುಕುಲೆಲೆ ನೀನು ತಗೋ. ಅತ್ತೆಗೆ ನಿದ್ದೆ ಬರ್ತಿದೆ."

"ಒಂದು ನಿಮಿಷ ಇರಿ ಸಿಸ್ಟರ್." ಮೇಷ್ಟ್ರು ಇನ್ನೂ ಬಗ್ಗಿಯೇ ಇದ್ದರು. ಒಮ್ಮೆ ತಪ್ಪಿದ ಮೇಲೆ ಬಿಡುವ ಜಾತಿಯಲ್ಲ ಅವರು. ಗೋಡೆಯಿಂದ ಇನ್ನೊಂದು ಹಳೆಯ ಯುಕುಲೆಲೆ ಇಳಿಸಿ ಎರಡನ್ನೂ ಪಕ್ಕಪಕ್ಕ ಇಟ್ಟು, ಕತ್ತಿಗೆ ಅಳತೆಯ ಇಕ್ಕಳ ಹಿಡಿದರು. "ನೋಡಿ. ಮೈ ಸರಿಯಾಗಿ ಒಂದೇ ಅಳತೆ. ಇದರ ಕತ್ತು ಮಾತ್ರ ಸಣ್ಣದು. ಆಗಲೇ ಗುರಿ ನೋಡೋವಾಗ ಏನೋ ಅನ್ನಿಸ್ತು, ಬಿಟ್ಟುಬಿಟ್ಟೆ. ತೇಪೆನೂ ಬಿಡದೆ ನಕಲು ಮಾಡಿದ ಮನುಷ್ಯ ಇದೊಂದನ್ನ ಯಾಕೆ ಬದಲಾಯಿಸ್ದ? ಬಾ ಮಗು, ಹಿಡಿ."

ಕಡ್ಡಿ ಎದ್ದು ಹೋಗಿ ಹಿಡಿದಳು. ಕತ್ತು ಅವಳ ಅಂಗೈಯಲ್ಲಿ ಕೂತಿತು. ಬೆರಳುಗಳು ಸುತ್ತಿ ಬಂದು ತಂತಿಗಳ ಮೇಲೆ ತಾವಾಗಿಯೇ ಇಳಿದವು.

"ಈ ಅಳತೆಗೆ," ಎಂದರು ಮೇಷ್ಟ್ರು. "ಇಂಥ ಪುಟ್ಟ ಕೈಗೆ ಅಂತಲೇ ಕೆತ್ತಿದ್ದು. ತಾತ ನಿನ್ನ ಕೈ ನೋಡಿ ಮಾಡಿರಬೇಕು."

"ಇಲ್ಲ," ಎಂದಳು ಅವಳು, ತನಗೇ ಹೇಳಿಕೊಳ್ಳುವಂತೆ. "ಇವಳು ಹುಟ್ಟೋ ಹೊತ್ತಿಗೆ ಮಾವನ ಕೈ ನಡುಗ್ತಿತ್ತು. ಉಳಿ ಹಿಡೀತಾನೇ ಇರ್ಲಿಲ್ಲ. ಆ ಸ್ಟೂಲೇ ಕೊನೇದು."

ಬಾಗಿಲ ಹತ್ತಿರ ಹೋಗಿದ್ದ ಅತ್ತಿಗೆ ತಿರುಗಿದರು. ಅರ್ಧ ಇಳಿಸಿದ ಶಟರಿನ ಕೆಳಗಿನಿಂದ ಬಂದ ಬಿಸಿಲು ಅವರ ಬಿಳಿಯ ಬೂಟುಗಳ ಮೇಲೆ ಮಾತ್ರ ಬಿದ್ದಿತ್ತು. ಮತ್ತೆ ಮೇಜಿನ ಹತ್ತಿರ ಬಂದರು.

"ಮೇಷ್ಟ್ರೇ, ಒಳಗೆ ಬಟ್ಟೆ ಪಟ್ಟಿ ಇದೆ ಅಂದ್ರಲ್ಲ. ಅದನ್ನ ನೋಡಬಹುದಾ?"

ಮೇಷ್ಟ್ರು ದೀಪವನ್ನೂ ಕನ್ನಡಿಯನ್ನೂ ಅವರ ಕೈಗೇ ಕೊಟ್ಟರು. ಕಡ್ಡಿ ವಾದ್ಯವನ್ನು ಮೇಜಿನ ಮೇಲೆ ಮಲಗಿಸಿ ಅಲುಗದಂತೆ ಹಿಡಿದುಕೊಂಡಳು. ಗಾಯದೊಳಗೆ ನೋಡುವುದು ಅಭ್ಯಾಸವಿದ್ದ ಅತ್ತಿಗೆಯ ಕೈ ಮೊದಲು ಸ್ಥಿರವಾಗಿತ್ತು. ಕನ್ನಡಿ ನಿಧಾನವಾಗಿ ಒಳಗಿಳಿಯಿತು, ತಿರುಗಿತು. ಅವಳು ಅತ್ತಿಗೆಯ ಹೆಗಲ ಮೇಲಿನಿಂದ ಬಗ್ಗಿ ನೋಡಿದಳು. ಕನ್ನಡಿಯೊಳಗೆ ಕಂದು ಮರ ಕಂಡಿತು, ಒಣಗಿದ ಅಂಟಿನ ಹೊಳಪು ಕಂಡಿತು. ಆಮೇಲೆ ಹಲಗೆಯ ಉದ್ದಕ್ಕೂ ಅಂಟಿಸಿದ ಬೆರಳಗಲದ ಬಟ್ಟೆ ಬಂತು. ಹಳದಿಗಟ್ಟಿದ್ದರೂ ಬಣ್ಣ ಪೂರ್ತಿ ಹೋಗಿರಲಿಲ್ಲ. ನೀಲಿ ಗೆರೆ, ಬಿಳಿ ಗೆರೆ. ಚೌಕುಳಿ.

ಕನ್ನಡಿ ಮರಕ್ಕೆ ತಾಗಿ ಟಿಕ್ ಟಿಕ್ ಎಂದು ಸದ್ದಾಗತೊಡಗಿತು. ಅವಳು ಕೈಚಾಚಿ ಅತ್ತಿಗೆಯ ಮಣಿಕಟ್ಟನ್ನು ಹಿಡಿದುಕೊಂಡಳು.

"ಗೂಟಕ್ಕೆ ನೇತುಹಾಕಿದ್ದೆ," ಎಂದರು ಅತ್ತಿಗೆ.

ಮೇಷ್ಟ್ರಿಗೆ ಏನೂ ತಿಳಿಯಲಿಲ್ಲ. ಶಟರನ್ನು ಮೇಲೆತ್ತಲು ಹೋದವರು ಅಲ್ಲೇ ನಿಂತರು.

ಅತ್ತಿಗೆ ಕನ್ನಡಿಯನ್ನು ಮೇಜಿನ ಮೇಲಿಟ್ಟರು. ಯುಕುಲೆಲೆಯ ಕತ್ತಿನ ಮೇಲೆ ತಮ್ಮ ಎಡಗೈ ಇಟ್ಟು ಬೆರಳು ಸುತ್ತಲು ನೋಡಿದರು. ದೊಡ್ಡ ಕೈ. ಸಾಬೂನು ನೀರಿನಲ್ಲಿ ತೊಳೆದು ತೊಳೆದು ಒರಟಾದ ಬೆರಳುಗಳು ಸಣ್ಣ ಕತ್ತಿನ ಮೇಲೆ ಒಂದಕ್ಕೊಂದು ಒತ್ತಿಕೊಂಡವು. ಯಾವ ತಂತಿಗೆ ಯಾವ ಬೆರಳೂ ಸರಿಯಾಗಿ ಕೂರಲಿಲ್ಲ.

ಅವರ ಕೈಯ ಪಕ್ಕದಲ್ಲೇ ಕಡ್ಡಿಯ ಕೈ ಇತ್ತು. ಕಡ್ಡಿ ಅಮ್ಮನ ಮುಖ ನೋಡಿದಳು. ಏನೂ ಕೇಳಬಾರದೆಂದು ಅಮ್ಮ ಹೇಳಿದ್ದಳು. ಈಗ ಅಮ್ಮ ಬೇಡವೆನ್ನಲಿಲ್ಲ. ಮಗಳು ಬೆಳಗಿನಿಂದ ಬಾಯೊಳಗೆ ಇಟ್ಟುಕೊಂಡಿದ್ದ ಮಾತು ಈಗ ಬೇರೆಯಾಗಿರುವುದು ಅವಳಿಗೆ ಗೊತ್ತಾಯಿತು. ಅದನ್ನು ತಡೆಯುವ ಶಕ್ತಿಯೂ ಅವಳಲ್ಲಿರಲಿಲ್ಲ.

ಕಡ್ಡಿ ವಾದ್ಯದ ಮೇಲಿನ ಹಿಡಿತ ಸಡಿಲಿಸಲಿಲ್ಲ, ತನ್ನ ಕಡೆಗೆ ಎಳೆದುಕೊಳ್ಳಲೂ ಇಲ್ಲ. ತಲೆಯೆತ್ತಿ ಕೇಳಿದಳು:

"ಅತ್ತೆ, ಹಾಗಾದ್ರೆ ಇದು ನಿಮ್ಮದಾ?"